ಸುರಂಗದೊಳಗಿನ ನನ್ನ ಗಂಡ

ನನ್ನ ಗಂಡ ಹಿಮಾಲಯದ ಸುರಂಗವೊಂದರಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಎಂದು ಫೋನು ಬಂದಾಗ ನನ್ನ ಗಂಡ ನನ್ನೆದುರಿಗೇ ಕೂತು ಚಹಾದಲ್ಲಿ ಬನ್ನು ಅದ್ದಿಕೊಂಡು ತಿನ್ನುತ್ತಿದ್ದರು.

"ಶೇಷಮ್ಮ ಅವ್ರಾ? ಮುತ್ತಣ್ಣ ಅವ್ರ ವೈಫಾ?" ಎಂದಿತು ಒಂದು ಹೆಣ್ಣು ದನಿ.

ಹೌದು ಎಂದೆ.

"ಮೇಡಂ, ಗಾಬರಿಯಾಗ್ಬೇಡಿ. ಹೈವೇ ಟನಲ್ ಒಳಗೆ ಮಣ್ಣು ಕುಸಿದಿದೆ. ನಿಮ್ಮ ಹಸ್ಬೆಂಡ್ ಇನ್ನೂ ಕೆಲವರ ಜೊತೆ ಒಳಗಿದಾರೆ. ಜೀವಕ್ಕೇನೂ ತೊಂದ್ರೆ ಇಲ್ಲ, ಪೈಪಲ್ಲಿ ಗಾಳಿ ಹೋಗ್ತಿದೆ."

ಗಾಬರಿಯಾಗಬೇಡಿ ಎಂದು ಯಾರಾದರೂ ಹೇಳಿದರೆ ಗಾಬರಿಯಾಗುವಂಥದ್ದು ಆಗಿಹೋಗಿದೆ ಎಂದೇ ಅರ್ಥ. ಆದರೂ ನನಗೆ ನಗು ಬಂತು. ರಾಂಗ್ ನಂಬರಮ್ಮಾ, ನನ್ನ ಗಂಡ ಹಲಸೂರಿನಲ್ಲಿ ನನ್ನ ಕಣ್ಣೆದುರಿಗೇ ಇದ್ದಾರೆ ಎನ್ನಲು ಬಾಯಿ ತೆರೆದೆ. ಆಗ ಅವರ ಮುಖ ಕಂಡಿತು. ನಮ್ಮದು ಒಂದೇ ಕೋಣೆಯ ಬಾಡಿಗೆ ಮನೆ, ಫೋನಿನ ದನಿ ಮೂಲೆಮೂಲೆಗೂ ಕೇಳುತ್ತದೆ. ಅವರ ಕೈಯ ಬನ್ನು ನೆನೆದು ಚಹಾದೊಳಗೆ ಬಿದ್ದಿತ್ತು. ಅವರು ಬಾಯಿಯ ಮೇಲೆ ಬೆರಳಿಟ್ಟು, ಏನೂ ಹೇಳಬೇಡ ಎಂದು ತಲೆಯಾಡಿಸುತ್ತಿದ್ದರು.

"ಹೂಂ" ಎಂದು ಫೋನಿಟ್ಟೆ. "ಏನ್ರೀ ಇದು? ನೀವು ಇಲ್ಲಿದೀರಿ. ಅಲ್ಲಿ ನಿಮ್ಮ ಹೆಸ್ರಲ್ಲಿ ಇರೋದು ಯಾರು?"

"ಯಾಸಿರ್" ಎಂದರು.

ಯಾಸಿರ್ ಎಂದರೆ ಚಾಂದ್ ಬೀ ಮಗ. ರಸೆಲ್ ಮಾರುಕಟ್ಟೆಯ ಹೊರಗೆ ನಾನು ಸೊಪ್ಪು ಹಾಕಿಕೊಂಡು ಕೂರುತ್ತೇನೆ, ನನ್ನ ಪಕ್ಕದಲ್ಲೇ ಚಾಂದ್ ಬೀ ಶುಂಠಿ ಬೆಳ್ಳುಳ್ಳಿ ಹಾಕಿಕೊಂಡು ಕೂರುತ್ತಾಳೆ. ಯಾದಗಿರಿಯಿಂದ ಬಂದ ಹೊಸತರಲ್ಲಿ ಪೊಲೀಸರು ನನ್ನ ಬುಟ್ಟಿ ಒದ್ದಾಗ ಅಡ್ಡ ಬಂದು ನಿಂತವಳು ಅವಳು. ನಾನು ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. ಅವಳ ಮನೆ ಮಾತು ಅರ್ಧ ನನಗೆ ಬಂದಿದೆ, ನನ್ನ ಕನ್ನಡ ಪೂರ್ತಿ ಅವಳಿಗೆ ಬಂದಿದೆ. ಅವಳಿಗಿರುವುದು ಅವನೊಬ್ಬನೇ ಮಗ.

ನಮ್ಮ ಯಜಮಾನರು ಹಿಂದೆ ದಂಡು ರೈಲು ನಿಲ್ದಾಣದ ಹತ್ತಿರ ಮೆಟ್ರೋ ಸುರಂಗದಲ್ಲಿ ಕೆಲಸ ಮಾಡಿದವರು. ಸುರಂಗದ ಕೆಲಸ ಬಲ್ಲವನು ಎಂದು ಫೋಟೋ ಹಾಕಿ ಒಂದು ಕಾರ್ಡು ಕೊಟ್ಟಿದ್ದರು. ಡ್ರಿಲ್ಲಿನ ಸದ್ದಿಗೆ ಒಂದು ಕಿವಿ ಮಂದವಾದ ಮೇಲೆ ಬಿಟ್ಟು ಊರಾಚೆಯ ಮಂಡಿಯಲ್ಲಿ ರಾತ್ರಿಯಿಡೀ ಮೂಟೆ ಹೊರಲು ಸೇರಿದರು, ಬೀದಿಯವರ ಕಣ್ಣಿಗಾಗಲಿ ನನ್ನ ಮಾರುಕಟ್ಟೆಯವರ ಕಣ್ಣಿಗಾಗಲಿ ಬೀಳುವುದೇ ಅಪರೂಪ. ಹೋದ ಬೇಸಿಗೆಯಲ್ಲಿ ಸುಗತ ಎಂಬ ಮೇಸ್ತ್ರಿ ಹುಡುಕಿಕೊಂಡು ಬಂದ. ದೊಡ್ಡ ಬೆಟ್ಟದ ಕಣಿವೆ ದಾರಿ ಚಳಿಗಾಲ ಬಂತೆಂದರೆ ಹಿಮ ಬಿದ್ದು ಮುಚ್ಚಿಹೋಗುತ್ತದಂತೆ, ಅದಕ್ಕೇ ಬೆಟ್ಟದ ಹೊಟ್ಟೆಯನ್ನೇ ಕೊರೆದು ಹೈವೇ ಮಾಡುತ್ತಿದ್ದಾರಂತೆ, ಕಾರ್ಡಿದ್ದವರು ಬೇಕಂತೆ. ನಾನು ರಂಪ ಮಾಡಿದೆ. ಒಂದು ಕಿವಿ ಕೊಟ್ಟದ್ದು ಸಾಲದೇ, ಹೋದರೆ ನಾನು ನನ್ನ ದಾರಿ ನೋಡಿಕೊಳ್ಳುತ್ತೇನೆ ಎಂದೆ. ಅವರು ಹೋಗಲಿಲ್ಲ. ನಾನು ಗೆದ್ದೆ ಎಂದುಕೊಂಡಿದ್ದೆ.

ಗೆದ್ದದ್ದು ಎಷ್ಟು ಚೆಂದ ನೋಡಿ. ನನ್ನ ಬೆನ್ನ ಹಿಂದೆ ಕಾರ್ಡು ಯಾಸಿರನ ಜೇಬಿಗೆ ಹೋಗಿತ್ತು. ಆ ಹುಡುಗನಿಗೆ ಹಿಮ ನೋಡುವ ಹುಚ್ಚು, ಸುಗತನಿಗೆ ತಲೆ ಎಣಿಸಿ ಕಳಿಸುವ ಹುಚ್ಚು. "ಟನಲ್ ಒಳಗೆ ಹೆಲ್ಮೆಟ್ ಹಾಕಿ ಧೂಳು ಮೆತ್ಕೊಂಡ್ರೆ ಎಲ್ರ ಮುಖಾನೂ ಒಂದೇ ಗುರು, ಫೋಟೋ ಯಾರು ನೋಡ್ತಾರೆ" ಎಂದು ಸುಗತ ಹೇಳಿದ್ದನಂತೆ. ಆ ಕೆಲಸದಲ್ಲಿ ಹೀಗೆ ಕಾರ್ಡು ಕೈ ಬದಲಾಯಿಸುವುದು ಬೀಡಿಗೆ ಬೆಂಕಿ ಕೊಟ್ಟಷ್ಟೇ ಸಲೀಸು.

ಸುಳ್ಳು ಹೇಳುವುದಿಲ್ಲ. ಒಂದು ಗಳಿಗೆ ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ನನ್ನವರು ಇಲ್ಲಿದ್ದಾರೆ, ಮಣ್ಣಿನ ಒಳಗಿಲ್ಲ. ಮರುಗಳಿಗೆಯೇ ಯಾಸಿರನ ಮುಖ ಕಣ್ಣಿಗೆ ಬಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಕಂಡವರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡಿದ್ರಲ್ರೀ" ಎಂದೆ. ಅವರು ಕೂತಲ್ಲೇ ಬೆವರುತ್ತಿದ್ದರು.

ಸುಗತನಿಗೆ ಫೋನು ಮಾಡಿದರೆ ಅವನು ನನಗೇ ಬುದ್ಧಿ ಹೇಳಿದ. "ಅಕ್ಕಾ, ಬಾಯ್ಬಿಟ್ಟೀರಾ ಹುಷಾರು. ಯಾಸಿರ್ ಅನ್ನೋನು ಅವ್ರ ಲೆಕ್ಕದಲ್ಲೇ ಇಲ್ಲ. ಹೆಸ್ರು ಬೇರೆ ಅಂತ ಗೊತ್ತಾದ್ರೆ, ಇಂಥೋನು ನಮ್ಮ ಹತ್ರ ಕೆಲ್ಸಕ್ಕೇ ಇರ್ಲಿಲ್ಲ ಅಂತ ಕೈ ತೊಳ್ಕೋತಾರೆ. ಒಳಗಡೆ ಹುಡುಕೋದೂ ಇಲ್ಲ. ಹೊರಗ್ ಬರೋ ತನಕ ಅವ್ನೇ ಮುತ್ತಣ್ಣ."

ಹುಡುಕುವವರು ಹೆಸರು ನೋಡಿ ಹುಡುಕುತ್ತಾರೆಯೇ ಎಂದು ಈಗ ನೀವು ಕೇಳಬಹುದು. ನಮ್ಮಂಥವರಿಗೆ ರೇಷನ್ ಅಂಗಡಿಯಲ್ಲೂ ಆಸ್ಪತ್ರೆಯಲ್ಲೂ ಹೆಸರಿನ ಒಂದು ಅಕ್ಷರ ತಪ್ಪಿದರೆ ಮನುಷ್ಯನನ್ನೇ ಇಲ್ಲ ಎನ್ನುತ್ತಾರೆ. ಬೆಟ್ಟದ ಕೆಳಗೆ ಮಾತ್ರ ಬೇರೆ ನ್ಯಾಯವೇ? ನಾನು ನಂಬಿದೆ.

ಚಾಂದ್ ಬೀಗೆ ಹೇಳಬೇಕಾದವಳು ನಾನೇ. ಮರುದಿನ ಬೆಳಿಗ್ಗೆ ಮಾರುಕಟ್ಟೆಗೆ ಹೋದೆ. ಅವಳು ಬೆಳ್ಳುಳ್ಳಿಯ ಸಿಪ್ಪೆ ಊದುತ್ತಾ ಕೂತಿದ್ದಳು. ಹೇಳಿದೆ. ಮೊದಲು ಅವಳಿಗೆ ತಲೆಗೆ ಹೋಗಲೇ ಇಲ್ಲ. ಟಿವಿಯಲ್ಲಿ ಸುರಂಗ ನೋಡಿದ್ದಳಂತೆ, ಒಳಗಿರುವವರ ಹೆಸರುಗಳಲ್ಲಿ ಮುತ್ತಣ್ಣ ಎಂದು ಬಂದಾಗ ಅವರೂ ಹೋಗಿದ್ದಾರೆಂದೇ ತಿಳಿದು ನನಗಾಗಿ ಬೆಳಗಿನ ನಮಾಜಿನಲ್ಲಿ ದುವಾ ಕೇಳಿದ್ದಳಂತೆ. ಮಗನ ಹೆಸರು ಬರಲಿಲ್ಲವಲ್ಲ, ಫೋನು ಹತ್ತದಿದ್ದರೂ ಅವನು ಬೇರೆ ಪಾಳಿಯಲ್ಲಿದ್ದಾನೆ ಎಂದು ಧೈರ್ಯವಾಗಿದ್ದಳು.

"ಖಾಲಾ, ಅದು ನಮ್ಮನೆಯವ್ರಲ್ಲ. ಅವ್ರ ಕಾರ್ಡಲ್ಲಿ ಹೋಗಿರೋದು ಯಾಸಿರ್" ಎಂದು ಎರಡನೇ ಸಲ ಹೇಳಿದೆ.

ಅವಳ ಕೈಯಿಂದ ಬುಟ್ಟಿ ಮಗುಚಿತು. ಬೆಳ್ಳುಳ್ಳಿ ಗಡ್ಡೆಗಳು ರಸ್ತೆಗೆ ಉರುಳಿದವು. ಆಟೋ ಒಂದು ಅವುಗಳ ಮೇಲೆಯೇ ಹೋಯಿತು. ಅವಳು ಅಳಲಿಲ್ಲ, ಗರ ಬಡಿದವಳಂತೆ ನನ್ನ ಬಾಯನ್ನೇ ನೋಡಿದಳು.

ನಮ್ಮ ಕೋಣೆಗೆ ಬಂದಳು. ನಮ್ಮ ಯಜಮಾನರು ಬಾಗಿಲ ಹಿಂದೆ ಕೂತಿದ್ದರು. ಬಯ್ದಿದ್ದರೆ ಚೆನ್ನಾಗಿತ್ತು. ಅವಳು ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿ, "ತುಮೇ ಘರ್ಮೇಚ್ ಹೈ, ಮುತ್ತಣ್ಣ? ಅಚ್ಛಾ ಹುವಾ" ಎಂದಳು. ಮನೆಯಲ್ಲೇ ಇದ್ದೀಯಲ್ಲ, ಒಳ್ಳೆಯದಾಯಿತು ಎಂದಳು. ಅವರು ಗೋಡೆಗೆ ಮುಖ ಮಾಡಿ ಅತ್ತರು.

ಆಮೇಲೆ ಅವಳು ನನ್ನ ಕಡೆ ತಿರುಗಿದಳು. "ಶೇಷಮ್ಮ, ಅವ್ನಿಗೆ ಏನಾದ್ರೂ ಆದ್ರೆ ಮುತ್ತಣ್ಣ ಅಂತ ಹೇಳಿ ಸುಟ್ಟಾಕ್ತಾರಲ್ಲಾ? ನನ್ನ ಬಚ್ಚಾಗೆ ನಮಾಜ್ ಓದೋರು ಯಾರು? ಮಣ್ಣು ಹಾಕೋರು ಯಾರು?"

"ಹಾಗೆಲ್ಲ ಆಗಲ್ಲ ಖಾಲಾ" ಎಂದೆ. ಬಾಯಿಮಾತಿಗೆ ಎಂದೆ.

ನಂತರದ ದಿನಗಳನ್ನು ಹೇಗೆ ಹೇಳಲಿ? ಟಿವಿಯಲ್ಲಿ ಕೆಳಗೆ ಹೆಸರು ಓಡುತ್ತಿತ್ತು: ಯಾದಗಿರಿಯ ಮುತ್ತಣ್ಣ. ಬೀದಿಯ ಜನರೆಲ್ಲ ಸಮಾಧಾನ ಹೇಳಲು ಬಂದರು. ಅವರೆಲ್ಲರ ಕಣ್ಣಲ್ಲಿ ಸುರಂಗದಲ್ಲಿದ್ದ ನನ್ನ ಗಂಡ ಬಚ್ಚಲ ಪರದೆಯ ಹಿಂದೆ ಕುಕ್ಕರಗಾಲಲ್ಲಿ ಕೂತಿರುತ್ತಿದ್ದರು. ಮನೆಯ ಮಾಲಕಿ ಜಯಮಾಲಾ ಬಾಳೆಹಣ್ಣು ಹಿಡಿದು ಬಂದು ನನ್ನ ಕೈಹಿಡಿದು ಅಳುತ್ತಿದ್ದಾಗಲೇ ಅವರಿಗೆ ಸೀನು ಬರಬೇಕೇ!

"ಯಾರಮ್ಮ ಒಳಗೆ?" ಎಂದರು ಜಯಮಾಲಾ.

"ನಮ್ಮಣ್ಣ ರೀ, ಊರಿಂದ ಬಂದಿದಾನೆ" ಎಂದೆ. ಕಟ್ಟಿಕೊಂಡ ಗಂಡನನ್ನು ಅಣ್ಣ ಎಂದೆ. ಯಾವ ಗಂಗೆಯಲ್ಲಿ ಮುಳುಗಿದರೆ ಅದು ಹೋಗುತ್ತದೋ ಗೊತ್ತಿಲ್ಲ. ನಗಬೇಡಿ. ಆ ಹೊತ್ತಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚಾಗಿ ಕೋಪ ಬಂದದ್ದು ಅವರ ಮೇಲಲ್ಲ, ಆ ಬಾಳೆಹಣ್ಣಿನ ಮೇಲೆ. ನನಗೆ ಬರಬೇಕಾದದ್ದಲ್ಲ ಅದು. ಅಳುವ ತಾಯಿ ಶಿವಾಜಿನಗರದಲ್ಲಿದ್ದಳು, ಅವಳ ಬಾಗಿಲಿಗೆ ಒಂದು ನರಪಿಳ್ಳೆಯೂ ಹೋಗಿರಲಿಲ್ಲ. ಅವಳು ದಿನಾ ಬೆಳ್ಳುಳ್ಳಿ ಮಾರಲು ಬಂದು ಕೂರಬೇಕಿತ್ತು, ಏನೂ ಆಗಿಲ್ಲದವಳಂತೆ.

ಕೊನೆಗೆ ಕಂಪನಿಯ ಇಂದಿರಾನಗರದ ಆಫೀಸಿನಿಂದ ಕರೆ ಬಂತು. ಪೈಪಿನ ಮೂಲಕ ಒಳಗೆ ಫೋನಿನ ತಂತಿ ಬಿಟ್ಟಿದ್ದಾರೆ, ಒಬ್ಬೊಬ್ಬರ ಮನೆಯವರಿಗೂ ಸ್ವಲ್ಪ ಹೊತ್ತು ಮಾತಾಡಲು ಕೊಡುತ್ತಾರೆ, ಬನ್ನಿ ಎಂದರು. ಚಾಂದ್ ಬೀ ನನ್ನ ಜೊತೆ ಹೊರಟಳು. "ನಾನು ಮಾತಾಡಲ್ಲ. ಅವನ ಆವಾಜ್ ಕೇಳಿದ್ರೆ ಸಾಕು" ಎಂದಳು. ನಮ್ಮ ಯಜಮಾನರೂ ಬಂದರು. ಮಂಕಿ ಕ್ಯಾಪು, ಮಾಸ್ಕು ಹಾಕಿಕೊಂಡು ಕೆಳಗೆ ಫುಟ್‌ಪಾತಿನಲ್ಲೇ ನಿಂತರು.

ಆಫೀಸಿನಲ್ಲಿ ಎಸಿ ಹಾಕಿ ಕೋಣೆಯನ್ನು ತಣ್ಣಗೆ ಮಾಡಿದ್ದರು. ಒಬ್ಬ ಹುಡುಗ ವಯಸ್ಸಿನ ಆಫೀಸರು ನಮ್ಮನ್ನು ಕೂರಿಸಿ ನೀರು ಕೊಟ್ಟರು. ಇವರು ಯಾರು ಎಂದದ್ದಕ್ಕೆ ನನ್ನ ಜೊತೆ ವ್ಯಾಪಾರ ಮಾಡುವವರು, ಧೈರ್ಯಕ್ಕೆ ಬಂದಿದ್ದಾರೆ ಎಂದೆ. "ಒಳಗಡೆ ಎಲ್ರೂ ಸುತ್ತ ಕೂತಿರ್ತಾರೆ ಮೇಡಂ. ಹೆಸ್ರು ಹೇಳಿ ಕರೀರಿ, ಅವ್ರ ಕೈಗೆ ಫೋನ್ ಕೊಡ್ತಾರೆ. ಅಳ್ಬೇಡಿ, ಧೈರ್ಯ ಹೇಳಿ" ಎಂದು ರಿಸೀವರು ಕೊಟ್ಟರು.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ. ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ. ಮದುವೆಯಲ್ಲಿ ಹೆಂಗಸರು ಬಾಗಿಲು ತಡೆದು ಒಡಪು ಹಾಕಿಸಿದಾಗ ಒಂದೇ ಸಲ ಹೇಳಿದ್ದೆ, ಅದೂ ಪದ್ಯದೊಳಗೆ ಮುಚ್ಚಿ. ಇಲ್ಲಿ ನನ್ನ ಗಂಡ ಕೆಳಗೆ ಬಿಸಿಲಲ್ಲಿ ನಿಂತಿದ್ದಾರೆ, ನಾನು ಇನ್ನೊಬ್ಬಳ ಮಗನನ್ನು ಅವರ ಹೆಸರಿನಿಂದ ಕರೆಯಬೇಕು. ಚಾಂದ್ ಬೀ ನನ್ನ ತೋಳು ಹಿಡಿದುಕೊಂಡು, ರಿಸೀವರಿಗೆ ಕಿವಿ ತಾಗುವಷ್ಟು ಹತ್ತಿರ ಬಂದಳು.

"ಮುತ್ತಣ್ಣ" ಎಂದೆ.

ಆ ಕಡೆ ಗೊರಗೊರ ಸದ್ದಾಯಿತು, ಯಾರೋ ಯಾರನ್ನೋ ಕರೆದರು. ಆಮೇಲೆ ಒಂದು ದನಿ ಬಂತು.

"ಹಾಂ. ಮುತ್ತಣ್ಣಾ ಬೋಲ್ ರಹಾ ಹೂಂ."

ಅದು ಯಾಸಿರನ ದನಿಯಲ್ಲ.

ಯಾಸಿರನದು ತೆಳು ದನಿ, ಮಾರುಕಟ್ಟೆಯ ಈ ತುದಿಯಲ್ಲಿ ಕೂಗಿದರೆ ಆ ತುದಿಗೆ ಕೇಳುತ್ತದೆ. ಇದು ದಪ್ಪ ದನಿ, ಎಲ್ಲಿಯದೋ ದೂರದ ಊರಿನ ರಾಗ. ಚಾಂದ್ ಬೀಗೂ ಕೇಳಿಸಿತ್ತು. ಅವಳ ಉಗುರು ನನ್ನ ತೋಳಿನೊಳಗೆ ಇಳಿಯಿತು. ಮಗ ಸತ್ತಿದ್ದಾನೆ, ಅದಕ್ಕೇ ಬೇರೆ ಯಾರೋ ಉತ್ತರ ಕೊಡುತ್ತಿದ್ದಾರೆ ಎಂದು ಅವಳು ತಿಳಿದಳು. ನಾನೂ ಹಾಗೆಯೇ ತಿಳಿದೆ.

ಆಫೀಸರು ನನ್ನ ಮುಖವನ್ನೇ ನೋಡುತ್ತಿದ್ದರು.

ಆ ದನಿ ತಗ್ಗಿತು. ಹಿಂದಿಯಲ್ಲಿ ಹೇಳಿತು: ಅಕ್ಕಾ, ಫೋನು ಇಡಬೇಡಿ. ನಾನು ನಿಮ್ಮವನಲ್ಲ. ನನ್ನ ಹೆಸರು ಮಂಗ್ರು, ಜಾರ್ಖಂಡಿನವನು. ನಾನು ಹೊರಗೆ ಕಲ್ಲು ಹೊರುತ್ತಿದ್ದೆ. ಯಾಸಿರ್ ಭಾಯಿಗೆ ಸುರಂಗದೊಳಗೆ ಉಸಿರು ಕಟ್ಟುತ್ತಿತ್ತು, ಕತ್ತಲೆಗೆ ಹೆದರುತ್ತಿದ್ದ. ಈ ಕಾರ್ಡು ನನಗೆ ಕೊಟ್ಟು ಹಿಮ ಬೀಳುವ ಮುಂಚೆ ಬೆಟ್ಟದ ಆಚೆ ಕಡೆಯ ಕ್ಯಾಂಪಿಗೆ ಅಡುಗೆ ಕೆಲಸಕ್ಕೆ ಹೋದ. ಅಲ್ಲಿ ಫೋನು ಸಿಗುವುದಿಲ್ಲ. ಅವನು ಚೆನ್ನಾಗಿದ್ದಾನೆ.

ನಾನು ಹಿಂದಿಯಲ್ಲಿ ಉತ್ತರ ಕೊಟ್ಟರೆ ಎದುರಿಗೆ ಕೂತವರಿಗೆ ಅನುಮಾನ. ಯಾದಗಿರಿಯ ಗಂಡ ಹೆಂಡತಿ ಹಿಂದಿಯಲ್ಲಿ ಮಾತಾಡುತ್ತಾರೆಯೇ? ಕನ್ನಡದಲ್ಲೇ ಗಟ್ಟಿಯಾಗಿ ಹೇಳಿದೆ, ಅವನಿಗಲ್ಲ, ನನ್ನ ತೋಳು ಹಿಡಿದವಳಿಗೆ.

"ಹೌದಾ ರೀ? ನಮ್ಮ ಖಾಲಾ ಮಗ ಬೆಟ್ಟದ ಆಚೆ ಕಡೆ ಅಡುಗೆ ಕೆಲ್ಸದಲ್ಲಿದಾನಾ? ಉಸಿರು ಕಟ್ಟುತ್ತೆ ಅಂತ ಒಳಗೆ ಬರ್ಲೇ ಇಲ್ವಾ? ಚೆನ್ನಾಗಿದಾನಾ? ಸದ್ಯ!"

ಉಗುರು ಸಡಿಲವಾಯಿತು. ಚಾಂದ್ ಬೀ ಕುರ್ಚಿಗೆ ಕುಸಿದು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಅವಳ ಭುಜ ಕುಣಿಯುತ್ತಿತ್ತು. ಅಳುವೋ ನಗುವೋ ಹೊರಗಿನವರಿಗೆ ತಿಳಿಯುವಂತಿರಲಿಲ್ಲ.

ನನಗೂ ಫೋನು ಇಟ್ಟು ಎದ್ದು ಓಡಬೇಕೆನಿಸಿತು. ನನ್ನ ಗಂಡ ಕೆಳಗಿದ್ದಾರೆ, ಅವಳ ಮಗ ಅಡುಗೆಮನೆಯಲ್ಲಿದ್ದಾನೆ. ಇನ್ನೇನು ಬೇಕು? ಆದರೆ ಆ ದನಿ ಇನ್ನೂ ನನ್ನ ಕಿವಿಯಲ್ಲಿತ್ತು.

ಇನ್ನೂ ಮಾತಾಡಿ ಅಕ್ಕಾ ಎನ್ನುತ್ತಿದ್ದ. ಇಲ್ಲಿರುವ ಎಲ್ಲರಿಗೂ ಮನೆಯಿಂದ ಫೋನು ಬಂತು, ನನಗೆ ಬರಲಿಲ್ಲ. ನಾನು ಇಲ್ಲಿದ್ದೇನೆ ಎಂದು ಯಾರಿಗೂ ಗೊತ್ತಿಲ್ಲ. ಸುರಂಗ ಎಂದರೆ ಹೆದರುತ್ತಾಳೆ ಎಂದು ನನ್ನ ಅವ್ವನಿಗೆ ಹೋಟೆಲಿನಲ್ಲಿದ್ದೇನೆ ಎಂದಿದ್ದೆ.

"ಊಟ ಮಾಡಿದ್ರಾ?" ಎಂದೆ. "ಚಳಿ ಇದೆಯಾ ಅಲ್ಲಿ? ಕಾಲಿಗೆ ಏನಾದ್ರೂ ಸುತ್ಕೊಳ್ಳಿ. ಹೊರಗಡೆ ಮಷಿನ್ ಕೊರೀತಾ ಇದೆಯಂತೆ, ಬರ್ತಾರೆ. ಹೆದರ್ಬೇಡಿ." ಒಂದು ಅಕ್ಷರವೂ ಅವನಿಗೆ ತಿಳಿದಿರಲಿಕ್ಕಿಲ್ಲ. ಆದರೂ ಪ್ರತಿ ಮಾತಿಗೂ ಹಾಂ, ಹಾಂ ಎಂದ. ಕೊನೆಕೊನೆಗೆ ಆ ಹಾಂ ನಡುಗಿತು. ನನ್ನ ಕಣ್ಣಲ್ಲಿ ನೀರು ಬಂತು. ಯಾರ ಮಗನೋ, ಹೇಗಿದ್ದಾನೋ, ಆ ಗಳಿಗೆಗೆ ಅವನಿಗೆ ಈ ಭೂಮಿಯ ಮೇಲೆ ನಾನೊಬ್ಬಳೇ ಇದ್ದೆ.

ಆಮೇಲೆ ಹೇಳಿದ: ಹೆಸರು ಬೇರೆ ಎಂದು ಅವರಿಗೆ ಹೇಳಬೇಡಿ, ನನ್ನನ್ನು ಬಿಟ್ಟುಬಿಟ್ಟಾರು. ಆದರೆ ನನ್ನ ಅವ್ವನಿಗೆ ಹೇಳಿ. ನಾನು ಬರದೇ ಹೋದರೆ ಅವಳು ಹೋಟೆಲಿನಲ್ಲಿದ್ದಾನೆ ಎಂದೇ ಕಾಯುತ್ತಾ ಕೂರುತ್ತಾಳೆ.

ನಂಬರು ಹೇಳಿದ. ನಾನು ಒಂದೊಂದೇ ಅಂಕಿಯನ್ನು ಕನ್ನಡದಲ್ಲಿ ತಿರುಗಿ ಹೇಳಿದೆ. ಆಫೀಸರು ಹುಬ್ಬೇರಿಸಿದರು. "ಅವ್ರ ತಾಯಿ ಹೊಸ ನಂಬರ್ ರೀ" ಎಂದೆ. ಅದೊಂದಾದರೂ ನಿಜವೇ. ಪಾಪ, ಅವರೇ ಒಂದು ಚೀಟಿಯಲ್ಲಿ ಬರೆದುಕೊಟ್ಟರು.

ಹೊತ್ತಾಯಿತು ಎಂದು ರಿಸೀವರು ತೆಗೆದುಕೊಂಡು ಅವರು ಕೇಳಿದರು. "ಮೇಡಂ, ವಾಯ್ಸ್ ಕನ್ಫರ್ಮ್ ಮಾಡ್ಬೇಕು. ನಿಮ್ಮ ಯಜಮಾನ್ರೇ ತಾನೆ?"

ಚಾಂದ್ ಬೀ ದುಪಟ್ಟಾ ಸರಿಸಿ ನನ್ನನ್ನು ನೋಡಿದಳು. ಕಿಟಕಿಯ ಕೆಳಗೆ ಮಂಕಿ ಕ್ಯಾಪು ಕಾಣುತ್ತಿತ್ತು.

"ಹೌದ್ರೀ" ಎಂದೆ. "ನಮ್ಮನೆಯವ್ರೇ. ಬೇಗ ಹೊರಗೆ ತೆಗೀರಿ." ಅವನು ಹೊರಗೆ ಬಂದ ಮೇಲೆ ಪೊಲೀಸರು ನನ್ನನ್ನು ಕರೆದರೂ ಸರಿ, ನನ್ನ ಗಂಡನನ್ನು ಕರೆದರೂ ಸರಿ, ಆಗ ನೋಡಿಕೊಳ್ಳೋಣ ಎಂದುಕೊಂಡೆ.

ಕೆಳಗಿಳಿದು ವಿಷಯ ಹೇಳಿದೆ. ನಮ್ಮ ಯಜಮಾನರು ಮಾಸ್ಕು ಕಿತ್ತು ಮೇಲೆ ನೋಡಿ ಕೈಮುಗಿದರು. ಚಾಂದ್ ಬೀಯ ಕಾಲು ಮುಟ್ಟಲು ಬಗ್ಗಿದರು. "ಅಬ್ಬಾ, ಯಾಸಿರ್ ಹುಷಾರಾಗಿದಾನಲ್ಲ! ಮುಗೀತು ಬಿಡು. ನಡೀರಿ ಮನೆಗೆ" ಎಂದರು.

"ಏನ್ರೀ ಮುಗಿದಿರೋದು?" ಎಂದೆ. ರಸ್ತೆಯ ಜನ ತಿರುಗಿ ನೋಡುವಷ್ಟು ಜೋರಾಗಿ ಎಂದೆ. "ನಿಮ್ಮ ಹೆಸ್ರಲ್ಲಿ ಒಬ್ಬ ಇನ್ನೂ ಅಲ್ಲೇ ಕೂತಿದಾನೆ!"

ಅವರು ಕೈ ಕೆಳಗಿಳಿಸಿದರು.

ಚಾಂದ್ ಬೀ ಕಣ್ಣೊರೆಸಿಕೊಂಡು ನನ್ನ ಮುಂದೆ ಕೈ ಚಾಚಿದಳು. "ನಂಬರ್ ದೇ. ನಿನ್ನ ಹಿಂದಿ ನಕ್ಕೋ, ಆ ತಾಯಿಗೆ ಅರ್ಥ ಆಗಲ್ಲ. ನಾನು ಹೇಳ್ತೀನಿ."

ಮೆಟ್ರೋ ಕಂಬದ ನೆರಳಿಗೆ ಹೋಗಿ ನಿಂತೆವು. ನನ್ನ ಫೋನಿನಿಂದಲೇ ಮಾಡಿದಳು, ಸ್ಪೀಕರ್ ಹಾಕಿದಳು. ಬಹಳ ಹೊತ್ತು ರಿಂಗಾಯಿತು. ಒಬ್ಬಳು ಹೆಂಗಸು ಎತ್ತಿದಳು. ಹಿಂದೆ ಕೋಳಿಗಳ ಸದ್ದಿತ್ತು, ಯಾವುದೋ ಮಗು ಏನೋ ಕಿತಾಪತಿ ಮಾಡಿರಬೇಕು, ಅದಕ್ಕೆ ನಗುತ್ತಲೇ ಹಲೋ ಎಂದಳು. ಮಂಗ್ರುವಿನ ತಾಯಿಯಾ ಎಂದು ಚಾಂದ್ ಬೀ ಕೇಳಿದಳು. ಹೌದು, ಮಂಗ್ರು ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ, ನೀವು ಹೋಟೆಲಿನವರಾ ಎಂದಳು ಅವಳು, ಇನ್ನೂ ನಗುವಿನಲ್ಲೇ.

ಚಾಂದ್ ಬೀ ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು. ಇನ್ನೊಂದು ಗಳಿಗೆಗೆ ಆ ಹೆಂಗಸಿನ ಹೊಟ್ಟೆಯಲ್ಲಿ ಏನಾಗುತ್ತದೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ತಲೆಯಾಡಿಸುತ್ತಾ ಫೋನನ್ನು ನನ್ನ ಕೈಗೆ ತುರುಕಿ ಕಂಬಕ್ಕೆ ಒರಗಿದಳು.

ನಾನು ಯೋಚಿಸಿದೆ. ಗಾಬರಿಯಾಗಬೇಡಿ ಎನ್ನಬಾರದು. ಮಣ್ಣು ಕುಸಿಯಿತು ಎಂದು ಶುರು ಮಾಡಬಾರದು. ಯಾವುದು ಒಳ್ಳೆಯದೋ ಅದನ್ನೇ ಮೊದಲು ಹೇಳಬೇಕು. ನನಗೆ ಬಂದ ಹರಕು ಹಿಂದಿಯಲ್ಲೇ, ಆದಷ್ಟು ಮೆಲ್ಲಗೆ ಹೇಳಿದೆ.

"ಅಮ್ಮಾ, ನಿಮ್ಮ ಮಗ ಬದುಕಿದ್ದಾನೆ."

ಆ ಕಡೆ ನಗು ನಿಂತಿತು.

"ಯಾಕೆ?" ಎಂದಳು ಆಕೆ. "ಅವನಿಗೇನಾಗಿತ್ತು?"